ಜೋಡಿ ಎಲ್ಲೈತಿ?

ಬಳ್ಳಾರಿಯ ಆ ಆಸ್ಪತ್ರೆಗೆ ಮಕ್ಕಳಾಗಲಿಲ್ಲವೆಂದು ಬಂದ ಪ್ರತಿ ಹೆಣ್ಣಿಗೂ ನರ್ಸಮ್ಮ ತುರುಬಿನಿಂದ ಪೆನ್ನು ಕಿತ್ತು ಬಾಗಿಲತ್ತ ತೋರಿಸಿ, "ಜೋಡಿ ಎಲ್ಲೈತಿ?" ಎನ್ನುತ್ತಿದ್ದರು.

ಒಮ್ಮೆ, ಗುಳಿಗೆ ಗಂಡ-ಹೆಂಡತಿ ಇಬ್ಬರಿಗೂ ಎಂದಾಗ, ಸಿರುಗುಪ್ಪದ ಅತ್ತೆಯೊಬ್ಬಳು ಸೊಸೆಯನ್ನು ಮುಂದೆ ತಳ್ಳಿದಳು. "ಗರ್ಭಕೋಶದ ಸೋಂಕು ಈಕಿಗೈತಿ. ನನ್ನ ಮಗ ಗಟ್ಟಿ ಅದಾನ. ಅವಗ್ಯಾಕ ಗುಳಿಗಿ?"

"ಒಂದೇ ಸೊಳ್ಳಿ ಕಚ್ಚಿದ್ರೂ ಒಬ್ಬರಿಗೆ ಗುಳ್ಳಿ ಏಳ್ತೈತಿ, ಇನ್ನೊಬ್ಬರಿಗೆ ಗೊತ್ತೇ ಆಗಂಗಿಲ್ಲ. ಅದು ಹುಟ್ಟಿನಿಂದ ಬಂದ ಮೈಗುಣ, ಈಕಿ ತಪ್ಪಲ್ಲ. ಸೋಂಕು ಮಾತ್ರ, ಮಗನ ಮೈಯಾಗ ಕಾಣದಿದ್ರೂ, ಇಬ್ಬರ ನಡುವ ಓಡಾಡ್ತೈತಿ," ಎಂದು ನರ್ಸಮ್ಮ ಗುಳಿಗೆಗಳನ್ನು ಅತ್ತೆಯ ಕೈಗೇ ಕೊಟ್ಟರು. "ಮಗಗ ನೀವೇ ನುಂಗಸ್ರಿ."

ಹೊರಗೆ ಚಹಾ ಕುಡಿಯುತ್ತಿದ್ದ ಮಗನನ್ನು ಅತ್ತೆ ರಟ್ಟೆ ಹಿಡಿದು ಕರೆತಂದಳು.

ಮುಂದಿನ ಸರದಿ ನನ್ನದು. ಪೆನ್ನು ಮೇಲೇಳುವ ಮೊದಲೇ ಗಂಡನಿಗೆ ಫೋನ್ ಹಚ್ಚಿದೆ: "ಬರ್ರಿ. ಆರು ವರ್ಷ ನಾನೊಬ್ಬಾಕಿನ ಬಂದದ್ದು ಸಾಕು."