ಸೋಮವಾರದ ಸುತ್ತು

ಲೇಟಮ್ಮ ಎಂಬ ಹೆಸರನ್ನು ಬಾಯಿಗೆ ತಂದವರು ಬಲ್ಬ್ ಫ್ಯಾಕ್ಟರಿಯ ಹೆಂಗಸರು. ಅದನ್ನು ಅವರ ಬಾಯಿಗೆ ಹಾಕಿಕೊಟ್ಟವನು ಮಾತ್ರ ಕಟ್ಟಿಕೊಂಡ ಗಂಡ. ಹೆತ್ತವರಿಟ್ಟ ಚೆಂದದ ಹೆಸರು ಕಾಗದಪತ್ರಗಳಲ್ಲಿ ಸುಮ್ಮನೆ ಬಿದ್ದಿತ್ತು. ಕಾಲನಿಗೆ ಹೊಸದಾಗಿ ಬಂದ ಹಾಲಿನವಳು ಕೂಡ ಎರಡೇ ದಿನಕ್ಕೆ ಕಲಿತು, "ಲೇಟಮ್ಮಾ, ಪಾತ್ರೆ ತನ್ನಿ" ಎನ್ನುತ್ತಿದ್ದಳು. ಇದಕ್ಕಾಗಿ ಮೂವತ್ತೊಂದು ವರ್ಷದಿಂದ ಲೇಟಮ್ಮ ಗಂಡನನ್ನು ಕ್ಷಮಿಸಿರಲಿಲ್ಲ. ಕ್ಷಮಿಸುವ ಯೋಚನೆಯೂ ಇರಲಿಲ್ಲ.

ಗಂಡ ಆ ಫ್ಯಾಕ್ಟರಿಯ ಟೈಂಕೀಪರ್. ಗೇಟಿನ ಪಕ್ಕದ ಗೂಡಿನಲ್ಲಿ ರಿಜಿಸ್ಟರ್ ಹರಡಿಕೊಂಡು ಕೂರುವವನು, ತನ್ನ ಕೈವಾಚು ನೋಡಿ ಏಳೂವರೆಗೆ ಸೈರನ್ ಒತ್ತುವವನು, ಸೈರನ್ ಕೂಗಿದ ಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವವನು. ಅಬ್ಬಾ, ಆ ಗೆರೆ ಎಳೆಯುವಾಗಿನ ಗತ್ತು ನೋಡಬೇಕಿತ್ತು!

ಅವನ ವಾಚಿನ ಉಪಚಾರವೋ, ಹೇಳತೀರದು. ಬೆಳಿಗ್ಗೆ ಆರಕ್ಕೆ ಕಿಟಕಿಯ ಬಳಿ ನಿಂತು ಕೀ ಕೊಡುತ್ತಿದ್ದ. ಸರಿಯಾಗಿ ಇಪ್ಪತ್ತೆಂಟು ಸುತ್ತು. ಅವನ ಬಾಯಲ್ಲಿ ಎಣಿಕೆ, ಮಿಕ್ಕವರ ಬಾಯಿಗೆ ಬೀಗ. ಚೊಚ್ಚಲ ಬಸುರಿನಲ್ಲಿ ನೋವು ಕಾಣಿಸಿಕೊಂಡು ಅವಳು "ರೀ..." ಎಂದು ಗೋಡೆ ಹಿಡಿದು ನಿಂತಾಗ, ಈ ಮಹಾನುಭಾವ ಎಡಗೈ ಬೆರಳೆತ್ತಿ ಸುಮ್ಮನಿರಿಸಿ, ಇಪ್ಪತ್ತೆಂಟು ಮುಗಿಸಿಯೇ ಇತ್ತ ತಿರುಗಿದ್ದ. ವಾಚಿನ ಗಾಜು ಒರೆಸಲು ಒಂದು ಬಟ್ಟೆ, ಪಟ್ಟಿಯ ಬೆವರು ಒರೆಸಲು ಇನ್ನೊಂದು. ಹೆಂಡತಿ ಜ್ವರದಲ್ಲಿ ಬೇಯುತ್ತಿದ್ದಾಗ ಹಣೆಗೆ ಹಾಕಲು ಮಾತ್ರ ಆ ಮನೆಯಲ್ಲಿ ಒಂದು ಚಿಂದಿಯೂ ಸಿಕ್ಕಿರಲಿಲ್ಲ. ಮಲಗುವ ಮುಂಚೆ ವಾಚು ಬಿಚ್ಚಿ, ತೇವ ತಾಗದ ಹಾಗೆ ರೇಡಿಯೋದ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಮಲಗಿಸುತ್ತಿದ್ದ. ರೇಡಿಯೋ ಬಿಸಿಗೆ ವಾಚು ಬೆಚ್ಚಗಿರುತ್ತದಂತೆ.

ಸೋಮವಾರ ಇನ್ನೊಂದು ಸೇವೆ. ಆರು ಗಂಟೆಗೆ ರೇಡಿಯೋದವರು ಸಮಯ ಹೇಳುವಾಗ ಕೀ ಗುಂಡಿ ಎಳೆದು, ಮುಳ್ಳುಗಳನ್ನು ಮುಂದೆ ಮುಂದೆ ಓಡಿಸಿ, ಹೆಚ್ಚುಕಡಿಮೆ ಹನ್ನೆರಡು ಗಂಟೆಯಷ್ಟು ಪೂರಾ ಸುತ್ತು ಹಾಕಿಸಿ ತಂದು ನಿಲ್ಲಿಸುತ್ತಿದ್ದ. "ಇದೇನ್ರೀ ಇದು?" ಎಂದು ಹೊಸದರಲ್ಲಿ ಅವಳು ಕೇಳಿದ್ದಕ್ಕೆ, "ಚಕ್ರಗಳಿಗೆ ವ್ಯಾಯಾಮ. ನಿಂಗೆ ಗೊತ್ತಾಗಲ್ಲ" ಎಂದಿದ್ದ. ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ವಾಚು ಹಾಳು ಎಂಬುದು ಆ ಮನೆಯ ಕಾನೂನು.

ಲೇಟಮ್ಮ ಆಗ ಫಿಲಮೆಂಟ್ ವಿಭಾಗದಲ್ಲಿದ್ದಳು. ಕೂದಲೆಳೆಯಂಥ ತಂತಿಯನ್ನು ಚಿಮಟದಲ್ಲಿ ಹಿಡಿದು ಬಲ್ಬಿನ ಕಂಬಕ್ಕೆ ಸಿಕ್ಕಿಸುವ ಕೆಲಸ. ಅವಳ ಕೈಯಲ್ಲಿ ತಂತಿ ತುಂಡಾದದ್ದೇ ಅಪರೂಪ. ಮುಂದಿನ ಮೇಲ್ವಿಚಾರಕಿ ಅವಳೇ ಎಂದು ಎಲ್ಲರೂ ಹೇಳುತ್ತಿದ್ದರು. ಗಂಡ ವಾಚು ಕಟ್ಟಿಕೊಂಡು ಮುಂಚೆಯೇ ಹೊರಟುಬಿಡುತ್ತಿದ್ದ. ಅವಳು ನೀರು ತುಂಬಿ, ಮಗುವನ್ನು ಪಕ್ಕದ ಮನೆಗೆ ಬಿಟ್ಟು, ಅವನದೇ ಊಟದ ಡಬ್ಬಿ ಹಿಡಿದು, ರೇಡಿಯೋದಲ್ಲಿ ಏಳು ಗಂಟೆಯ ವಾರ್ತೆ ಶುರುವಾಗುತ್ತಲೇ ಚಿಲಕ ಹಾಕುತ್ತಿದ್ದಳು. ಇಪ್ಪತ್ತಾರು ನಿಮಿಷದ ದಾರಿ. ಸೋಮವಾರ ಗೇಟಿನಲ್ಲಿ ನಿಂತು ಉಸಿರು ತಿರುಗಿಸಿಕೊಳ್ಳಲು ಸಮಯವಿರುತ್ತಿತ್ತು. ಗುರುವಾರ ಬಿರಬಿರನೆ ಹೆಜ್ಜೆ ಹಾಕಬೇಕು. ಶುಕ್ರವಾರ ಓಟ. ಶನಿವಾರ ಬೀದಿಯ ತಿರುವಿನಲ್ಲಿರುವಾಗಲೇ ಸೈರನ್ ಕೂಗಿಬಿಡುತ್ತಿತ್ತು.

ಒಂದೇ ತಿಂಗಳಲ್ಲಿ ಮೂರು ಶನಿವಾರ, ಮೂರು ಕೆಂಪು ಗೆರೆ. ಮೂರಾದರೆ ಕೆಲಸದಿಂದ ತೆಗೆಯುವುದು ಫ್ಯಾಕ್ಟರಿಯ ನಿಯಮ.

"ರೇಡಿಯೋ ಕೇಳಿ ಹೊರಟಿದ್ದೀನ್ರೀ! ಇನ್ನೂ ಏಳೂವರೆ ಆಗಿಲ್ಲ!" ಎಂದು ಅವಳು ಗೂಡಿನ ಕಿಂಡಿಗೆ ಮುಖವಿಟ್ಟು ಕೂಗಿದಳು. ಕೈಯಲ್ಲಿ ಅವನ ಡಬ್ಬಿ.

"ಸೈರನ್ ಕೂಗಿದಾಗಲೇ ಏಳೂವರೆ. ನನ್ನ ವಾಚು ಸುಳ್ಳು ಹೇಳಲ್ಲ" ಎಂದ. ಹಿಂದಿದ್ದ ಹೆಂಗಸರಿಗೆ ಕೇಳಲಿ ಎಂದೇ ಗಟ್ಟಿಯಾಗಿ, "ಹೆಂಡ್ತಿ ಅಂತ ಬಿಡಕ್ಕಾಗುತ್ತಾ?" ಎಂದೂ ಸೇರಿಸಿದ. ನ್ಯಾಯವಂತ! ಆ ಗುಂಪಿನಲ್ಲಿದ್ದ ಗೆಳತಿಯೊಬ್ಬಳು ಕಿಸಕ್ಕನೆ ನಕ್ಕು "ಲೇಟಮ್ಮ" ಎಂದಳು. ಮುಂದೆ ಮೇಲ್ವಿಚಾರಕಿಯಾದವಳೂ ಅವಳೇ.

ಲೇಟಮ್ಮ ಮನೆಯಲ್ಲೇ ಹೊಲಿಗೆ ಹಾಕುತ್ತಾ ಉಳಿದಳು. ವರ್ಷಗಳು ಕಳೆದ ಹಾಗೆ, ನಾನೇ ನಿಧಾನವಿದ್ದೆನೇನೋ ಎಂಬ ಅನುಮಾನ ಅವಳನ್ನೂ ಕೊರೆಯಿತು. ಎಲ್ಲಕ್ಕಿಂತ ಹೆಚ್ಚು ಮೈ ಉರಿಸಿದ್ದು ಆ ಅನುಮಾನವೇ.

ಈಗ ಟೈಂಕೀಪರಿಗೆ ಎಪ್ಪತ್ತೆಂಟು. ಹೋದ ವರ್ಷ ಬಲಗಾಲು ಎಳೆಯತೊಡಗಿ, ಬಲಗೈ ಸ್ವಾಧೀನ ತಪ್ಪಿ, ಬೆರಳುಗಳು ಒಂದು ಗುಂಡಿಯನ್ನೂ ಹಿಡಿಯಲಾರದಾದವು. ವಾಚಿಗೆ ಕೀ ಕೊಡುವ ಕೆಲಸ ಹೆಂಡತಿಯ ತಲೆಗೇ ಬಿತ್ತು. ಪಕ್ಕದಲ್ಲಿ ಕೂತು ಎಣಿಸುವುದನ್ನು ಮಾತ್ರ ಅವನು ಬಿಟ್ಟಿರಲಿಲ್ಲ. "ನಿಧಾನ ಕಣೇ, ಅದೇನು ಬಾವಿ ರಾಟೆಯಾ?"

ವಾಚು ವಿಪರೀತ ಮುಂದೆ ಓಡತೊಡಗಿದಾಗ, ಅದನ್ನು ಎರಡು ಬಟ್ಟೆಯಲ್ಲಿ ಸುತ್ತಿಸಿ, ಹೆಂಡತಿಗೆ ಏಳೆಂಟು ಬುದ್ಧಿವಾದ ಹೇಳಿ ರಿಪೇರಿಗೆ ಕಳಿಸಿದ. ರಿಪೇರಿಯವನು ಪೇಟೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂರುವ ಮುದುಕ, ಯಾರಿಗೂ ಮುಖ ಕೊಟ್ಟು ಮಾತಾಡದವನು. ವಾಚನ್ನು ಸಣ್ಣ ದಿಕ್ಸೂಚಿಯೊಂದರ ಪಕ್ಕಕ್ಕಿಟ್ಟ. ದಿಕ್ಸೂಚಿಯ ಸೂಜಿ ಗಿರ್ರನೆ ವಾಚಿನ ಕಡೆ ತಿರುಗಿತು.

"ಇದನ್ನ ಎಲ್ಲಿಡ್ತೀರಿ?"

"ರೇಡಿಯೋ ಮೇಲೆ. ಯಾವತ್ತಿಂದಲೂ."

"ಸರಿಹೋಯ್ತು! ರೇಡಿಯೋದ ಸ್ಪೀಕರಲ್ಲಿ ಇಷ್ಟು ದಪ್ಪ ಅಯಸ್ಕಾಂತ ಇರುತ್ತೆ. ವಾಚೊಳಗಿನ ಸುರುಳಿ ಸ್ಪ್ರಿಂಗು ಅದನ್ನ ಹೀರ್ಕೊಂಡು ಅಂಟ್ಕೊಳ್ಳುತ್ತೆ. ಆಮೇಲೆ ವಾಚು ಮುಂದೆ ಓಡುತ್ತೆ. ದಿನಕ್ಕೊಂದು ನಿಮಿಷ ಅಂದ್ರೂ ವಾರಕ್ಕೆಷ್ಟಾಯ್ತು, ನೀವೇ ನೋಡಿ."

ಲೇಟಮ್ಮ ಬೆರಳು ಮಡಿಸುತ್ತಾ ಹೋದಳು. ಮಂಗಳವಾರ ಒಂದು. ಶನಿವಾರ ಐದು. ಐದನೆಯ ಬೆರಳು ಮಡಿಸಿದ ಕೈ ಹಾಗೇ ಮುಷ್ಟಿಯಾಯಿತು.

"ಒಂದ್ಮಾತು ಕೇಳ್ತೀನಿ" ಎಂದಳು. "ವಾರಕ್ಕೊಂದ್ಸಲ ಮುಳ್ಳನ್ನ ಪೂರ್ತಿ ಒಂದು ಸುತ್ತು ಓಡಿಸಿದ್ರೆ ಚಕ್ರಕ್ಕೆ ಒಳ್ಳೇದಾ? ವ್ಯಾಯಾಮ ಅಂತಾರಲ್ಲ."

ಮುದುಕ ಮೊದಲ ಸಲ ಕಣ್ಣಿನ ಭೂತಗನ್ನಡಿ ತೆಗೆದು ಅವಳನ್ನು ನೋಡಿದ. "ಯಾವ ವ್ಯಾಯಾಮ, ಸುಡುಗಾಡು! ಹಿಂದಕ್ಕೆ ತಿರುಗಿಸಬಾರದು ಅನ್ನೋ ಹಠದೋರು, ವಾಚು ಮುಂದೆ ಹೋಗಿದ್ರೆ ಹಾಗೇ ಮಾಡ್ತಾರೆ. ಐದು ನಿಮಿಷ ಹಿಂದೆ ತರೋಕೆ ಇಡೀ ಸುತ್ತು ಮುಂದೆ ಓಡಿಸ್ತಾರೆ. ವಾಚು ಹಿಂದೆ ಬಿದ್ದಿದ್ರೆ ಒಂಚೂರು ತಳ್ಳಿದ್ರೆ ಸಾಕಲ್ಲ?"

ಅಲ್ಲಿಗೆ ಎಲ್ಲ ನಿಚ್ಚಳವಾಯಿತು. ಪ್ರತಿ ಸೋಮವಾರ ಅವನು ತಪ್ಪನ್ನು ಕಣ್ಣಾರೆ ನೋಡುತ್ತಿದ್ದ, ಕೈಯಾರೆ ತಿದ್ದುತ್ತಿದ್ದ, ಅದೇ ಕೈಯಲ್ಲಿ ಹೋಗಿ ಅದೇ ರಿಜಿಸ್ಟರ್ ತೆರೆಯುತ್ತಿದ್ದ. ವಾಚು ರಿಪೇರಿ ಮಾಡಿಸದೆ ಅವಳು ಎದ್ದುಬಂದಳು. ದಾರಿಯುದ್ದಕ್ಕೂ ಹಲ್ಲು ಕಡಿದು ದವಡೆ ನೋಯುತ್ತಿತ್ತು.

ಮನೆಯ ಜಗಲಿಯ ಮೇಲೆ ಗಂಡ ಕುರ್ಚಿಯಲ್ಲಿದ್ದ. ಎದುರಿಗೆ, ದಿನವೂ ಬಂದು ಅವನಿಗೆ ಪೇಪರ್ ಓದಿ ಹೇಳುವ ಆ ಹಳೆಯ ಮೇಲ್ವಿಚಾರಕಿ. ಒಳ್ಳೆಯದೇ ಆಯಿತು ಎಂದುಕೊಂಡಳು ಲೇಟಮ್ಮ.

"ಬಂದ್ಯಾ ಲೇಟಮ್ಮ?" ಎಂದಳು ಮೇಲ್ವಿಚಾರಕಿ.

ಅವಳು ಗಂಡನ ಎದುರಿಗೇ ನಿಂತಳು. "ಸೋಮವಾರ ಸೋಮವಾರ ಮುಳ್ಳು ಸುತ್ತು ಹಾಕಿಸ್ತಿದ್ರಲ್ಲ, ಯಾಕೆ? ಇವಳ ಮುಂದೇನೇ ಹೇಳಿ."

"ವ್ಯಾಯಾಮ..."

"ವಾಚು ಐದು ನಿಮಿಷ ಮುಂದಿರ್ತಿತ್ತು. ಶನಿವಾರ ನೀವು ಸೈರನ್ ಒತ್ತಿದಾಗ ಏಳು ಇಪ್ಪತ್ತೈದು. ನಿಮಗೆ ಗೊತ್ತಿತ್ತಾ, ಇಲ್ವಾ? ಅಷ್ಟು ಬೊಗಳಿ ಸಾಕು."

ಗಂಡನನ್ನು ಅವಳು ಹಾಗೆ ಮಾತಾಡಿಸಿದ್ದು ಅದೇ ಮೊದಲು. ಮೇಲ್ವಿಚಾರಕಿಯ ಕೈಯಲ್ಲಿ ಪೇಪರ್ ಮಡಿಕೆಯಾಯಿತು. ಟೈಂಕೀಪರ್ ಅವಳ ಮುಖ ಬಿಟ್ಟು ವಾಚಿನ ಗಂಟಿನ ಕಡೆ ನೋಡಿದ.

"ಗೆರೆ ಎಳೆದಾಗಿತ್ತಲ್ಲೇ. ಟೈಂಕೀಪರನ ವಾಚೇ ತಪ್ಪು ಅಂದ್ರೆ ಆ ಗೇಟಲ್ಲಿ ನಾನು ಮುಖ ಎತ್ಕೊಂಡು ಕೂರೋದಾಗ್ತಿತ್ತಾ?"

"ನನ್ನ ಮುಖ?"

ಅವಳು ವಾಚಿಗೆ ಸುತ್ತಿದ್ದ ಬಟ್ಟೆ ಬಿಡಿಸಿ ಅದನ್ನು ಕೈಗೆತ್ತಿಕೊಂಡಳು, ಉಗುರಿನಿಂದ ಕೀ ಗುಂಡಿ ಎಳೆದಳು, ಮುಳ್ಳನ್ನು ಹಿಂದಕ್ಕೆ ತಿರುಗಿಸತೊಡಗಿದಳು.

"ಅಯ್ಯೋ, ಹಿಂದಕ್ಕೆ ಬೇಡ ಕಣೇ! ಹಾಳಾಗುತ್ತೆ!" ಕುರ್ಚಿಯಿಂದ ತಟ್ಟನೆ ಏಳಲು ಹೋದ, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಮೂವತ್ತೊಂದು ವರ್ಷದಲ್ಲಿ ಆ ಕಣ್ಣಲ್ಲಿ ಅವಳಿಗಾಗಿ ಒಂದು ಹನಿ ಬಂದಿರಲಿಲ್ಲ.

ಏಳು ಇಪ್ಪತ್ತಾರಕ್ಕೆ ತಂದು ಗುಂಡಿ ಒತ್ತಿ, ವಾಚನ್ನು ಅವನ ತೊಡೆಯ ಮೇಲೆ ಹಾಕಿದಳು. "ನಾನು ಗೇಟಿಗೆ ಬಂದಿದ್ದು ಇಷ್ಟೊತ್ತಿಗೆ. ಸರಿಯಾಗಿ ನೋಡ್ಕೊಳ್ಳಿ. ಇನ್ನು ಕೀ ಕೊಡೋದು ನಿಮ್ಮ ಪಾಡು."

ಮೇಲ್ವಿಚಾರಕಿ ಎದ್ದು, "ಅಲ್ಲ ಕಣೇ, ನಾನು ಅವತ್ತು ತಮಾಷೆಗೆ..." ಎಂದು ಏನೋ ಹೇಳಹೊರಟಳು. ಲೇಟಮ್ಮ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಆರಕ್ಕೆ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಅವನ ಮಾತ್ರೆಗಳನ್ನು ಎಣಿಸಿ ತಟ್ಟೆಗೆ ಹಾಕುತ್ತಿದ್ದಳು. ವಾಚಿಗೆ ಇನ್ನೂ ಕೀ ಬಿದ್ದಿರಲಿಲ್ಲ. ಅದನ್ನು ಎಡಗೈಯಲ್ಲಿ ಹಿಡಿದು ಅವನು ಬಾಗಿಲವರೆಗೆ ಕಾಲೆಳೆದುಕೊಂಡು ಬಂದ.

"ಲೇ, ಇಪ್ಪತ್ತೆಂಟೇ ಸುತ್ತು..."

ಅವಳು ತಿರುಗದೆ ಎಡಗೈ ಬೆರಳೆತ್ತಿದಳು. ಮೂರು, ನಾಲ್ಕು, ಐದು ಎಂದು ಎಣಿಕೆ ಮುಗಿಸಿ, ಮಾತ್ರೆಯ ತಟ್ಟೆಯನ್ನೂ ನೀರಿನ ಲೋಟವನ್ನೂ ಅವನ ಮುಂದಿಟ್ಟು, ಹಾಲಿಗೆ ಪಾತ್ರೆ ತೆಗೆದುಕೊಂಡು ಹೊರಗೆ ಹೋದಳು.