ಸ್ಟೋರ್ ರೂಮಿಗೆ ಹೋದ ತೊಟ್ಟಿಲು

ಕಳೆದ ಕ್ರಿಸ್‌ಮಸ್ ದಿನ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬೆಟಗೇರಿಯ ನಮ್ಮ ಚರ್ಚಿನ ಪಶ್ಚಿಮದ ಬಾಗಿಲು. ಚಪ್ಪಲಿ ಬಿಡುವ ಕಟ್ಟೆಯಿಂದ ಎರಡು ಹೆಜ್ಜೆ ಒಳಗೆ, ಎಡಗಡೆಯ ಗೋಡೆಗೆ ಬೆನ್ನು ತಾಗಿಸಿ ನಾನು ನಿಂತಿದ್ದೆ. ಕನ್ನಡಕ ಜೇಬಿನಲ್ಲಿತ್ತು. (ಅದು ಓದುವುದಕ್ಕೆ ಮಾತ್ರ. ದೂರದ್ದು ನನಗೆ ಸರಿಯಾಗಿಯೇ ಕಾಣುತ್ತದೆ.)

ಇಷ್ಟೆಲ್ಲ ಯಾಕೆ ಹೇಳುತ್ತಿದ್ದಾನೆ ಎನ್ನುತ್ತೀರಾ? ಅಂದು ಕಂಡದ್ದನ್ನು ಬರೆಯಲು ನನಗೆ ಒಂದು ವರ್ಷ ಹಿಡಿಯಿತು. ಬರೆಯುವಾಗ ಒಂದು ಮಾತೂ ಹೆಚ್ಚಾಗಬಾರದು.

ನನ್ನ ಮಗಳು ಸುಗಂಧಾ. ಮುಂಡರಗಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಕ್ಟೋಬರ್ ಕೊನೆಯಲ್ಲಿ ಗದಗಿನ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿತು. ಎರಡು ದಿನ ಇತ್ತು. ಮೂರನೆಯ ದಿನ ಇರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಅದೇ ವಾರ, ಅದೇ ವಾರ್ಡಿನಲ್ಲಿ, ನಮ್ಮ ಪಕ್ಕದ ಮನೆಯ ರೇಣುಕಾಳಿಗೂ ಹೆರಿಗೆಯಾಯಿತು. ಎರಡನೆಯ ಕೂಸು, ಹೆಣ್ಣು. ಅವರದು ನೇಕಾರರ ಮನೆ. ಎರಡೂ ಅಂಗಳಗಳ ನಡುವೆ ಎದೆಮಟ್ಟದ ಒಂದು ಗೋಡೆ. ಮೂವತ್ತು ವರ್ಷಗಳಿಂದ ಆ ಗೋಡೆಯ ಮೇಲೆ ಸಾರಿನ ಬಟ್ಟಲುಗಳು ಓಡಾಡಿವೆ. ಮಗು ಮನೆಗೆ ಬಂದ ಮೇಲೆ ರೇಣುಕಾಳ ಅತ್ತೆ ಗಂಗವ್ವ ಬದಲಾದಳು. ಸುಗಂಧಾ ಅಂಗಳಕ್ಕೆ ಬಂದರೆ ಸಾಕು, ಮಗುವಿನ ಮೇಲೆ ಸೆರಗು ಹೊದಿಸಿ ಒಳಗೆ ನಡೆಯುತ್ತಿದ್ದಳು.

ಕೂಸು ಕಳೆದುಕೊಂಡವಳ ಕಣ್ಣು ಎಳೆಗೂಸಿನ ಮೇಲೆ ಬೀಳಬಾರದು ಎಂಬುದು ನಮ್ಮ ಕಡೆಯ ನಂಬಿಕೆ. (ಚರ್ಚಿಗೆ ಹೋಗುವ ನಾವು ಇದರಿಂದ ಹೊರಗಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ.) ಸುಗಂಧಾಳಿಗೆ ಇದು ಎರಡೇ ದಿನದಲ್ಲಿ ತಿಳಿಯಿತು. ಅವಳು ಅಂಗಳಕ್ಕೆ ಬರುವುದನ್ನೇ ಬಿಟ್ಟಳು.

ಇನ್ನು ತೊಟ್ಟಿಲಿನ ವಿಷಯ.

ನಮ್ಮ ಚರ್ಚಿನಲ್ಲಿ ಒಂದು ರೂಢಿ ಇದೆ. ಕ್ರಿಸ್‌ಮಸ್ ಬೆಳಗಿನ ಆರಾಧನೆಯಲ್ಲಿ, ಪಾಸ್ಟರ್ ಉಪದೇಶ ಮಾಡುವುದಕ್ಕೆ ಮೊದಲು, ಸಭೆಯ ಎಲ್ಲಕ್ಕಿಂತ ಎಳೆಯ ಕೂಸನ್ನು ಮರದ ತೊಟ್ಟಿಲಲ್ಲಿ ಮಲಗಿಸುತ್ತೇವೆ. ತೂಗುತ್ತ ಒಂದು ಜೋಗುಳ ಹಾಡುತ್ತೇವೆ. ಯಾವ ಮನೆಯಲ್ಲಿ ಬಸುರಿ ಇದ್ದರೂ ಹೆಂಗಸರು ಚೇಷ್ಟೆ ಮಾಡುತ್ತಾರೆ: 'ಈ ಸಲ ತೊಟ್ಟಲಾ ನಿಂದವಾ!' ಸುಗಂಧಾಳಿಗೂ ಆಗಸ್ಟಿನಿಂದ ಹಾಗೆಯೇ ಹೇಳುತ್ತಿದ್ದರು.

ಡಿಸೆಂಬರ್ ಮೊದಲ ವಾರ ನಾನೇ ಪಾಸ್ಟರ್ ಮನೆಗೆ ಹೋದೆ. 'ಈ ವರ್ಷ ತೊಟ್ಟಿಲು ಬೇಡ' ಎಂದೆ. ಸಭೆಯಲ್ಲಿ ಆಗ ಬೇರೆ ಎಳೆಗೂಸೂ ಇರಲಿಲ್ಲ. ಅವರು ತಲೆಯಾಡಿಸಿದರು. ಚರ್ಚಿನ ಗಂಟೆ ಬಾರಿಸುವ ದೇವದಾಸ ತೊಟ್ಟಿಲನ್ನು ಸ್ಟೋರ್ ರೂಮಿಗೆ ಒಯ್ದ. ಹಾಡುವವರು ತಾವಾಗಿಯೇ ಢೋಲಕ್ ಬಿಟ್ಟರು. ನಮ್ಮ ಮನೆಯಲ್ಲಿ ನಕ್ಷತ್ರ ಕಟ್ಟಲಿಲ್ಲ, ಕರ್ಚಿಕಾಯಿ ಕರಿಯಲಿಲ್ಲ. ಎಲ್ಲರೂ ಒಳ್ಳೆಯವರೇ. ಆ ಒಳ್ಳೆಯತನದಲ್ಲಿ ಇಡೀ ಸಭೆ ತುದಿಗಾಲಲ್ಲಿ ನಡೆಯುತ್ತಿತ್ತು.

ಸುಗಂಧಾ ಚರ್ಚಿಗೆ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದಳು. ಒಂಬತ್ತು ಹತ್ತಕ್ಕೆ, ನನ್ನ ಹೆಂಡತಿ ಎಸ್ತೇರಳ ಜೊತೆ. ವೇದಿಕೆಯ ಕೆಳಗೆ ತೊಟ್ಟಿಲು ಇರಬೇಕಾದ ಜಾಗದಲ್ಲಿ ಸೇವಂತಿಗೆಯ ಒಂದು ಕುಂಡ ಇತ್ತು. ಅದನ್ನು ನೋಡಿ ಹಿಂತಿರುಗಿ ನನ್ನ ಹತ್ತಿರ ಬಂದಳು.

"ಪಪ್ಪಾ, ತೊಟ್ಟಲಾ ಎಲ್ಲೈತಿ?"

"ಸ್ಟೋರ್ ರೂಮಿನ್ಯಾಗ ಐತವಾ. ನಿನಗ ತ್ರಾಸ ಆಗಬಾರದಂತ ನಾನ ಇಡಿಸೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಕೂಸು ಹೋತಂತ ಯೇಸು ಹುಟ್ಟೂದು ಬಿಟ್ಟನೇನು?"

ನಾನೂ ದೇವದಾಸನೂ ಹೋಗಿ ತೊಟ್ಟಿಲು ಹೊತ್ತು ತಂದೆವು. ನನ್ನ ಟವೆಲ್ಲಿನಿಂದ ಧೂಳು ಒರೆಸಿದೆ. ಮತ್ತೆ ಬಂದು ಅದೇ ಗೋಡೆಯ ಬಳಿ ನಿಂತೆ.

ತೊಟ್ಟಿಲು ಬಂತು. ಕೂಸು?

ಕ್ರಿಸ್‌ಮಸ್ ದಿನ ಓಣಿಯವರು ಅಲಂಕಾರ ನೋಡಲು ಬರುತ್ತಾರೆ. ಅಂದೂ ಬಾಗಿಲಲ್ಲಿ ಏಳೆಂಟು ಜನ ಇದ್ದರು. ಅವರಲ್ಲಿ ರೇಣುಕಾ, ಅವಳ ಕೈಯಲ್ಲಿ ಮಗು, ಪಕ್ಕದಲ್ಲಿ ಗಂಗವ್ವ. ಸುಗಂಧಾ ನೇರವಾಗಿ ಅವರ ಕಡೆ ನಡೆದಳು. ಮಗುವಿನಿಂದ ಒಂದು ಮಾರು ದೂರದಲ್ಲಿ ನಿಂತಳು. ಎರಡೂ ಕೈ ಕೆಳಗೇ ಇದ್ದವು.

"ರೇಣುಕಾ, ಒಂದು ಹಾಡು ಮುಗಿಯೂತನಕ ಕೂಸಿನ್ನ ಕೊಡ್ತಿ? ಇಲ್ಲಾಂದ್ರ ಇಲ್ಲ ಅನ್ನು. ನನಗೇನ ಸಿಟ್ಟಿಲ್ಲ."

ರೇಣುಕಾ ಅತ್ತೆಯ ಮುಖ ನೋಡಿದಳು. ಗಂಗವ್ವನ ಕೈ ಸೆರಗಿನ ಕಡೆ ಹೋಯಿತು. ನಡುವೆ ನಿಂತಿತು. ಎಷ್ಟು ಹೊತ್ತು? ನನಗೆ ಬಹಳ ಹೊತ್ತು ಅನ್ನಿಸಿತು. ಎರಡು ಉಸಿರಿನಷ್ಟು ಎನ್ನುತ್ತಾನೆ ದೇವದಾಸ.

ಆಮೇಲೆ ಗಂಗವ್ವ ಸೊಸೆಯ ಕೈಯಿಂದ ಮಗುವನ್ನು ತಾನೇ ತೆಗೆದುಕೊಂಡಳು. ಮನೆಗೆ ಒಯ್ಯುತ್ತಾಳೆ ಎಂದುಕೊಂಡೆ. ಅವಳು ಎರಡೂ ಕೈ ಮುಂದೆ ಚಾಚಿದಳು.

"ತಲಿ ಕೆಳಗ ಕೈ ಕೊಡವಾ. ಕುತ್ತಿಗಿ ಇನ್ನೂ ನಿಂತಿಲ್ಲ."

"ಗೊತ್ತೈತ್ರಿ ಆಯಿ," ಎಂದಳು ಸುಗಂಧಾ. "ಎರಡು ದಿನ ಹಿಡದೀನಿ."

ಗಂಗವ್ವ ತುಟಿ ಕಚ್ಚಿಕೊಂಡಳು. ಸುಗಂಧಾ ಮಗುವನ್ನು ಎತ್ತಿಕೊಂಡು ವೇದಿಕೆಯವರೆಗೆ ಹೋದಳು. ನಿಧಾನವಾಗಿ ಮಲಗಿಸಿದಳು. ತೊಟ್ಟಿಲಿನ ಅಂಚು ಹಿಡಿದು ತೂಗಿದಳು. ಜೋಗುಳ ಶುರುವಾಯಿತು. ನಾವೆಲ್ಲ ಎಷ್ಟು ಮೆಲ್ಲಗೆ ಹಾಡಿದೆವೆಂದರೆ, ಹೊರಗಿನ ಆಟೋದ ಸದ್ದೇ ನಮಗಿಂತ ಜೋರಾಗಿತ್ತು.

ಮಗು ಅಳತೊಡಗಿತು. ನಾವು ಇನ್ನೂ ಮೆಲ್ಲಗೆ ಹಾಡಿದೆವು. ಅದು ಇನ್ನೂ ಜೋರಾಗಿ ಅತ್ತಿತು.

ಆಗ ಬಾಗಿಲಿನಿಂದ ಗಂಗವ್ವನ ದನಿ ಬಂತು.

"ಏನ್ರಿ ಇದು, ಸತ್ತವರ ಮನ್ಯಾಗ ಹಾಡಿದಂಗ ಹಾಡಾಕತ್ತೀರಿ! ನಮ್ಮ ಕೂಸು ಮಗ್ಗದ ಸಪ್ಪಳದಾಗ ಮಲಗೂದು. ಗಪ್ ಇದ್ರ ಅಳತೈತಿ. ಹಬ್ಬ ಐತೋ ಇಲ್ಲೋ ನಿಮ್ಮದು? ಜೋರ ಹಾಡ್ರಿ!"

ಹಾಡು ನಿಂತೇ ಹೋಯಿತು. ತಾನು ಏನಂದೆ ಎಂಬುದು ಗಂಗವ್ವನಿಗೆ ಆಮೇಲೆ ಹೊಳೆಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಲ್ಲರ ಕಣ್ಣೂ ಸುಗಂಧಾಳ ಮೇಲೆ.

ಅವಳು ತೊಟ್ಟಿಲಿನ ಮೇಲೆ ತಲೆ ಬಾಗಿಸಿದ್ದಳು, ಬೆನ್ನು ನನ್ನ ಕಡೆಗಿತ್ತು. ಭುಜಗಳು ಅಲುಗಿದವು. ಅಳುತ್ತಿದ್ದಾಳೆ ಎಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಸದ್ದು ಕೇಳಿತು. ನಗು. ಎರಡು ತಿಂಗಳಿಂದ ನಾವು ಕೇಳದ ನಗು.

"ಜೋರ ಹಾಡ್ರಿ ಎಲ್ಲಾರೂ," ಎಂದಳು. "ಆಯಿ ಬೈಯಾಕತ್ತಾರ."

ಹಾಡಿದೆವು. ಯಾರೋ ಢೋಲಕ್ ಎಳೆದುಕೊಂಡರು. ಪಾಸ್ಟರ್ ಚಪ್ಪಾಳೆ ತಟ್ಟಿದರು. ಹೊರಗೆ ನಿಂತ ಓಣಿಯವರೂ ತಟ್ಟಿದರು. ಎರಡನೆಯ ಚರಣದ ಹೊತ್ತಿಗೆ ಮಗು ಅಳು ನಿಲ್ಲಿಸಿತು. ಎಲ್ಲರಿಗಿಂತ ಮೇಲೆ ಕೇಳುತ್ತಿದ್ದ ದನಿ ಸುಗಂಧಾಳದು.

ಇದರಿಂದ ಅವಳ ದುಃಖ ಹೋಯಿತೇ? ಇಲ್ಲ. ಮರುದಿನ ಅವಳು ಊಟ ಮಾಡಲಿಲ್ಲ. ಈಗಲೂ ಕೆಲವು ದಿನ ಫೋನ್ ಎತ್ತುವುದಿಲ್ಲ. ನಾನು ಕಂಡಷ್ಟೇ ಹೇಳಬೇಕು: ದುಃಖ ಅಲ್ಲೇ ಇತ್ತು, ಸಂತೋಷವೂ ಬಂದು ಅದರ ಪಕ್ಕದಲ್ಲಿ ಕುಳಿತಿತು. ಒಂದು ಇನ್ನೊಂದಕ್ಕೆ ಎದ್ದು ಹೋಗು ಎನ್ನಲಿಲ್ಲ.

ಅರವತ್ತು ವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ ನಾನು ಕೇಳುತ್ತಿರುವ ಕಥೆಯಾದರೂ ಏನು? ಪರ ಊರು. ತುಂಬಿದ ಬಸುರಿ. ಇಳಿದುಕೊಳ್ಳಲು ಜಾಗವಿಲ್ಲ. ಬೆನ್ನ ಹಿಂದೆ ಕೂಸುಗಳನ್ನು ಕೊಲ್ಲಿಸುವ ಅರಸ. ಕಷ್ಟ ತೀರಲಿ, ಆಮೇಲೆ ಸಂತೋಷದ ಸುದ್ದಿ ಹೇಳೋಣ ಎಂದು ದೇವದೂತರು ಕಾಯಲಿಲ್ಲ. ಕುರುಬರೂ ಮೆಲ್ಲಗೆ ನಡೆಯಲಿಲ್ಲ, ಓಡಿ ಬಂದರು. ಇದೆಲ್ಲ ನನಗೆ ಬಾಯಿಪಾಠ. ಆದರೂ ಮಗಳಿಂದ ತೊಟ್ಟಿಲು ಬಚ್ಚಿಟ್ಟವನು ನಾನೇ. ತ್ರಾಸ ಆಗಬಾರದು ಎಂದೆನಲ್ಲ, ಯಾರಿಗೆ? ಖರೆ ಹೇಳಬೇಕೆಂದರೆ, ನನಗೆ. ಬರಿದಾದ ತೊಟ್ಟಿಲಿನ ಪಕ್ಕ ಅವಳನ್ನು ನೋಡುವ ಧೈರ್ಯ ನನಗಿರಲಿಲ್ಲ.

ಸುಗಂಧಾ ಫೆಬ್ರುವರಿಯಲ್ಲಿ ಮುಂಡರಗಿಗೆ ಮರಳಿದಳು. ಅಲ್ಲಿಯವರೆಗೂ ಗಂಗವ್ವ ನೂಲಿನ ಕಂಡಿಕೆ ಸುತ್ತಲು ಕೂರುವ ಮೊದಲು ಮಗುವನ್ನು ಗೋಡೆಯ ಮೇಲಿಂದ ಅವಳ ಕೈಗೆ ದಾಟಿಸುತ್ತಿದ್ದಳು. "ಹಿಡಿಯವಾ, ನಿನ್ನ ಕೂಡ ಛಲೋ ಇರತೈತಿ," ಎನ್ನುತ್ತಿದ್ದಳು.

ಗಂಗವ್ವ ಈ ಆಷಾಢದಲ್ಲಿ ತೀರಿಕೊಂಡಳು. ಅಂದು ಇದನ್ನು ಕಂಡ ಉಳಿದವರು ಇದ್ದಾರೆ. ನನ್ನ ಹೆಂಡತಿ ಎಸ್ತೇರ್ ಮುಂದಿನ ಸಾಲಿನಲ್ಲಿದ್ದಳು. ದೇವದಾಸ ಹಗ್ಗದ ಬಳಿ ಇದ್ದ, ಈಗಲೂ ಗಂಟೆ ಬಾರಿಸುತ್ತಾನೆ. ಪಾಸ್ಟರ್‌ಗೆ ಶಿರಹಟ್ಟಿಗೆ ವರ್ಗವಾಗಿದೆ. ರೇಣುಕಾ ಗೋಡೆಯಾಚೆ ಇದ್ದಾಳೆ. ನಗುವಾಗ ಸುಗಂಧಾಳ ಮುಖ ಹೇಗಿತ್ತು ಎಂದರೆ ನಾವು ಯಾರೂ ಹೇಳಲಾರೆವು. ತೊಟ್ಟಿಲಿನೊಳಗಿಂದ ಅದನ್ನು ಕಂಡವಳು ರೇಣುಕಾಳ ಮಗಳು ಬನಶ್ರೀ ಒಬ್ಬಳೇ, ಅವಳಿಗಿನ್ನೂ ಮಾತು ಬಂದಿಲ್ಲ.