ಅಕ್ಕನ ತೊಟ್ಟಿಯ ಮರಗಪ್ಪೆಗಳು

ಮೊನ್ನೆ ಮನೆಯ ಮೀನುಗಳಿಗೆ ತಿನ್ನಲು ಏನಾದರೂ ಕೊಳ್ಳೋಣವೆಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಣಗಿಸಿದ ರೇಷ್ಮೆಹುಳದ ಪೊಟ್ಟಣ ಬಿಚ್ಚಿ ಮುಂದಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಏನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ. ಚನ್ನಪಟ್ಟಣದ ನಮ್ಮ ಬೀದಿಯ ತುಂಬ ಇದೇ ವಾಸನೆ ಇತ್ತು. ಪಕ್ಕದ ಮನೆಯ ಅಕ್ಕನ ಸೆರಗಿನಲ್ಲೂ...

ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಅಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಮೇಷ್ಟ್ರು. ಹೊಸ ಕೆಲಸ, ಕಾಲು ನೆಲದ ಮೇಲಿರಲಿಲ್ಲ. ಅಕ್ಕ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಕುದೂರಿಗೆ ಕೊಟ್ಟಿದ್ದರು.

ಆ ಬೇಸಗೆಯಲ್ಲಿ ಬೀದಿಯ ಹಿಂದಿನ ನೀರಿನ ಕುಂಟೆಗೆ ಲಾರಿಗಟ್ಟಲೆ ಮಣ್ಣು ಸುರಿದರು. ಯಾವುದೋ ಫ್ಯಾಕ್ಟರಿಯ ಗೋದಾಮು ಬರುತ್ತದಂತೆ, ಊರು ಉದ್ಧಾರವಾಗುತ್ತದಂತೆ. ಎಲ್ಲರೂ ನಿಂತು ನೋಡಿದೆವು. ಅಕ್ಕ ಮಾತ್ರ ಸೀರೆ ಎತ್ತಿಕಟ್ಟಿ ಕೆಸರಿಗಿಳಿದು ಸಿಕ್ಕಷ್ಟು ಕಪ್ಪೆ ಹಿಡಿದು ಬಕೆಟ್ಟಿನಲ್ಲಿ ತಂದರು. ಅಂಗೈ ತುಂಬುವಂಥ ದಪ್ಪ ಕಪ್ಪೆ ಎರಡು, ಗೋಡೆಗೆ ಅಂಟಿ ಕೂರುವ ಸಣ್ಣ ಮರಗಪ್ಪೆ ಆರು. ಮಳೆ ಹಿಡಿಯುವವರೆಗೆ ಉಳಿಸಿಕೊಂಡರೆ ಸಾಕು, ಆಮೇಲೆ ತವರೂರು ಕಬ್ಬಾಳಿನ ಕಟ್ಟೆಯ ನೀರಿಗೆ ಬಿಟ್ಟುಬರುತ್ತೇನೆ ಎನ್ನುತ್ತಿದ್ದರು.

ಇದ್ದದ್ದು ಒಂದೇ ಹಳೆಯ ತೊಟ್ಟಿ. ಬೇಲಿಯ ಹತ್ತಿರ ಬಂದು ನನ್ನನ್ನು ಕೇಳಿದರು.

“ಮೇಷ್ಟ್ರೇ, ನೀವು ಓದಿರೋರು. ಇವ್ನೆಲ್ಲ ಒಂದ್ರಲ್ಲೇ ಬುಟ್ರೆ ಏನೂ ಆಗಾಕಿಲ್ವಾ?”

ಕಪ್ಪೆ ಕೊಯ್ಯುವುದು ನನಗೆ ಗೊತ್ತಿತ್ತು, ಸಾಕುವುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. ಹೊಟ್ಟೆ ತುಂಬಿದ್ದರೆ ಯಾವ ಪ್ರಾಣಿಯೂ ಇನ್ನೊಂದರ ತಂಟೆಗೆ ಹೋಗುವುದಿಲ್ಲ, ಧಾರಾಳವಾಗಿ ಬಿಡಿ ಎಂದೆ. ಗೂಡಿನಿಂದ ಬಿದ್ದ ಬೆಂದ ಹುಳಕ್ಕೆ ನಿಮ್ಮ ಮನೆಯಲ್ಲಿ ಬರವೇ, ಕೋಳಿ ತಿನ್ನುತ್ತದೆ, ಮೀನು ತಿನ್ನುತ್ತದೆ, ಕಪ್ಪೆ ತಿನ್ನದೆ ಇರುತ್ತದೆಯೇ ಎಂದೂ ಸೇರಿಸಿದೆ.

ಅಲುಗಾಡದ್ದನ್ನು ಕಪ್ಪೆ ಕಣ್ಣೆತ್ತಿಯೂ ನೋಡುವುದಿಲ್ಲ. ಇದು ನನಗೆ ತಿಳಿದದ್ದು ಆಮೇಲೆ, ಪುಸ್ತಕ ತೆರೆದಾಗ. ಅಕ್ಕನಿಗೆ ಮೂರನೇ ದಿನವೇ, ಬರೀ ನೋಡಿ ತಿಳಿಯಿತು. ಹಾಕಿದ ಹುಳ ಹಾಗೇ ಬಿದ್ದಿವೆ, ನೀರು ನಾರುತ್ತಿದೆ, ಚಿಕ್ಕವನ್ನು ಬಿಂದಿಗೆಗೆ ಹಾಕಿ ಬೇರೆ ಇಡಲೇ ಎಂದು ಮತ್ತೆ ಬಂದು ಕೇಳಿದರು. ಪೇಪರಿನಿಂದ ತಲೆ ಎತ್ತದೆ, ಅಭ್ಯಾಸವಾಗುತ್ತದೆ ಬಿಡಿ ಎಂದೆ.

ವಾರದೊಳಗೆ ಆರು ಇದ್ದದ್ದು ಮೂರಾಯಿತು. ಹಾರಿಹೋಗಿರಬೇಕೆಂದು ಅಕ್ಕ ತೊಟ್ಟಿಯ ಬಾಯಿಗೆ ಬಲೆ ಕಟ್ಟಿದರು. ಪಾಪ, ಇದ್ದ ಒಂದು ದಾರಿಯನ್ನೂ ಮುಚ್ಚಿದಂತಾಯಿತು. ನಾಲ್ಕು ದಿನ ಬಿಟ್ಟು ಒಂದು ಬೆಳಿಗ್ಗೆ ನನ್ನನ್ನು ಕರೆದರು. ದಪ್ಪ ಕಪ್ಪೆಯ ಬಾಯಿಂದ ಮರಗಪ್ಪೆಯ ಒಂದು ಕಾಲು ಹೊರಗೆ ಚಾಚಿತ್ತು. ಅದರ ಬೆರಳು ಇನ್ನೂ ಆಡುತ್ತಿದ್ದವು. ಅದೇ ಕೊನೆಯದು.

ಅಕ್ಕ ನನ್ನ ಮುಖ ನೋಡಿದರು, ಅಷ್ಟೇ. ಯಾರೂ ಏನೂ ಕೇಳದಿದ್ದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇ ಬಾಯಿಬಿಟ್ಟೆ.

“ಹುಳಾನ ಚೆನ್ನಾಗಿ ತೊಳೆದು ಹಾಕಿ ಅಂದಿದ್ದೆನಲ್ಲ ಅಕ್ಕ. ಆ ನೀರಿನ ವಾಸನೆಗೆ ಅವು ಮುಟ್ಟಿಲ್ಲ.”

ಹಾಗೆಂದು ನಾನು ಹೇಳಿಯೇ ಇರಲಿಲ್ಲ. ನನಗದು ಗೊತ್ತಿತ್ತು. ಅಂಥ ಮಾತು ಬಂದಿತ್ತೇ ಎಂದು ಅಕ್ಕ ನೆನೆಸಿಕೊಳ್ಳಲು ನೋಡಿದರು.

“ಊಂ ಮೇಷ್ಟ್ರೇ, ನಾನೇ ಸರ್ಯಾಗಿ ಕೇಳುಸ್ಕೊಂಡಿಲ್ಲ.”

ಮಳೆ ಬಂದಾಗ ಉಳಿದ ಎರಡು ದಪ್ಪ ಕಪ್ಪೆಗಳನ್ನು ಬಿಂದಿಗೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗಿ ಕಟ್ಟೆಗೆ ಬಿಟ್ಟುಬಂದರು. ನಮ್ಮ ಮನೆಗೆ ಬಸ್ಸಾರು ಕೊಡುವುದನ್ನೂ ನಿಲ್ಲಿಸಲಿಲ್ಲ. ನಾನು ಉಣ್ಣುತ್ತಲೇ ಇದ್ದೆ... ಒಂದು ಮಾತು ಹೇಳಲು ಅಷ್ಟು ದಿನಗಳಿದ್ದವು.

ನನಗೆ ವರ್ಗವಾಯಿತು. ವರ್ಷಗಳ ನಂತರ ಅಕ್ಕ ತೀರಿಕೊಂಡ ಸುದ್ದಿ ತಿಳಿದು ತಿಥಿಗೆ ಹೋದೆ. ಮಗಳು ನನ್ನನ್ನು ನೆಂಟರೆದುರು ಕೂರಿಸಿ, ಅವ್ವ ಹೇಳುತ್ತಿದ್ದ ಮೇಷ್ಟ್ರು ಇವರೇ ಎಂದಳು. ಬೀದಿಯಲ್ಲಿ ಯಾರು ಕಪ್ಪೆ ಸಾಕುತ್ತೇನೆಂದು ತಂದರೂ ಅಕ್ಕ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲವಂತೆ. ಒಂದು ಬಗೆಯದಕ್ಕೆ ಒಂದು ತೊಟ್ಟಿ ಮಾಡಿ, ಚಿಕ್ಕದನ್ನು ದೊಡ್ಡದರ ಜೊತೆ ಬಿಡಬೇಡಿ, ಹರಿದಾಡುವ ಹುಳ ಹಿಡಿದು ಹಾಕಿ, ಇದೆಲ್ಲ ಕೈಲಾಗದಿದ್ದರೆ ತಂದ ಜಾಗಕ್ಕೇ ಬಿಟ್ಟುಬನ್ನಿ ಎಂದು ಕೂರಿಸಿಕೊಂಡು ಹೇಳುತ್ತಿದ್ದರಂತೆ. ನನಗಿಂತ ಚೆನ್ನಾಗಿಯೇ ಪಾಠ ಮಾಡಿದ್ದಾರೆ.

“ಮೇಷ್ಟ್ರು ಅಷ್ಟು ಬಡ್ಕೊಂಡ್ರು, ನಾನೇ ಕೇಳ್ನಿಲ್ಲ, ಆರು ಜೀವ ಕಳ್ದೆ ಅಂತ ಕೊನೆಗಂಟ ಕೊರಗ್ತಿತ್ತು ಅವ್ವ,” ಎಂದಳು ಮಗಳು.

ನೆಂಟರು ನನ್ನನ್ನು ಗೌರವದಿಂದ ನೋಡಿದರು. ಎಲೆ ಹಾಕಿದರು. ಉಂಡು, ಕೈ ತೊಳೆದು, ಬಂದುಬಿಟ್ಟೆ.

ಈಗಲೂ ಕಪ್ಪೆ, ಮೀನು ಸಾಕುವವರು ನನ್ನನ್ನು ಕೇಳಲು ಬರುತ್ತಾರೆ. ಅಕ್ಕ ಹೇಳುತ್ತಿದ್ದ ಮಾತುಗಳನ್ನೇ ಹೇಳುತ್ತೇನೆ. ಮೇಷ್ಟ್ರಿಗೆ ಎಷ್ಟು ಗೊತ್ತು ಎಂದುಕೊಂಡು ಹೋಗುತ್ತಾರೆ. ಅಕ್ಕನಿಗೆ ಇನ್ನು ಹೇಳುವಂತಿಲ್ಲ. ಮಗಳಿಗಾದರೂ ಹೇಳಬಹುದು, ನಿನ್ನವ್ವನ ತಪ್ಪಲ್ಲ ತಾಯಿ, ನನ್ನದು ಎಂದು. ನಂಬರ್ ಫೋನಿನಲ್ಲಿದೆ. ಇವತ್ತಿನವರೆಗೂ ಮಾಡಿಲ್ಲ.